ಕಂಬಳಿ ಬಿತ್ತು

2018ರ ದೀಪಾವಳಿ. ಹಿಂದಿನ ದಿನವೇ ಹಂಡೆ ತಿಕ್ಕಿ ತೊಳೆದು, ಕೆಮ್ಮಣ್ಣು ಬಳಿದು, ಕುತ್ತಿಗೆಗೆ ಹಿಂಡಲೆಕಾಯಿ ಬಳ್ಳಿ ಸುತ್ತಿ ನೀರು ತುಂಬಿಸಿದ್ದೆವು. ಬೆಳಗಿನ ಜಾವ ನಾಲ್ಕಕ್ಕೇ ಅಮ್ಮ ಒಲೆಗೆ ಬೆಂಕಿ ಹಾಕಿದರು. ನಮ್ಮ ಕಡೆ ಎಣ್ಣೆಸ್ನಾನ ಅಂದರೆ ಮೈ ಕೆಂಪಗಾಗುವಷ್ಟು ಬಿಸಿನೀರು. ತೀರ್ಥಹಳ್ಳಿಯಿಂದ ಆಗುಂಬೆ ರಸ್ತೆಯಲ್ಲಿ ಹೋಗಿ ಒಳಗೆ ತಿರುಗಿದರೆ ನಮ್ಮೂರು. ಮಳೆ, ಚಳಿ, ಇಬ್ಬನಿ ಬಿಟ್ಟು ಬೇರೆ ಕಾಲ ಇಲ್ಲಿ ಕಮ್ಮಿ. ಹಾಗಾಗಿ ಹಂಡೆ ನೀರು ಅಂದ್ರೆ ನಮಗೆ ಅರ್ಧ ಹಬ್ಬ.

ನನ್ನ ಹೆಂಡತಿ ಸ್ನಾನ ಮುಗಿಸಿ ಬಚ್ಚಲ ಬಾಗಿಲು ಹಿಡಿದು ನಿಂತಳು. "ರೀ, ಲೈಟ್ ಯಾಕೆ ಆಫ್ ಮಾಡಿದ್ರಿ?" ಅಂದಳು.

ಲೈಟ್ ಉರಿಯುತ್ತಿತ್ತು. ಅವಳ ತಲೆಯ ಮೇಲೇ ಇತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರದ ಕಾಯಿಲೆ ನಮಗೆ ಗೊತ್ತಾಗಲು ಶುರುವಾಗಿದ್ದು ಹೀಗೆ.

ಎರಡು ದಿನದಿಂದ ಎಡಗಣ್ಣು ಆಡಿಸಿದರೆ ಒಳಗೆ ನೋವು ಅನ್ನುತ್ತಿದ್ದಳು. ಹಬ್ಬಕ್ಕೆ ಹೊಲಿಗೆ ಜಾಸ್ತಿ ಇತ್ತು, ನಿದ್ದೆ ಇಲ್ಲ, ಅದಕ್ಕೇ ಇರಬೇಕು ಅಂದುಕೊಂಡಿದ್ದೆವು. ಇವಳು ಟೈಲರ್. ಸುತ್ತಲಿನ ನಾಲ್ಕೈದು ಊರಿನ ಹೆಂಗಸರ ಬ್ಲೌಸು ಹೊಲಿಯೋದು ಇವಳೇ. ಜಗಲಿ ಮೇಲೆ ಕೂರಿಸಿ ತಲೆ ಒರೆಸಿದೆವು. ಅರ್ಧ ಗಂಟೆಯಲ್ಲಿ ಕತ್ತಲೆ ಸ್ವಲ್ಪ ಕಳೆಯಿತು. ಆದರೆ ಅವಳು ಎದ್ದು ಹೋಗಿ ದಾರದ ಡಬ್ಬ ತಂದಳು. ಕೆಂಪು ದಾರದ ಉಂಡೆಯನ್ನು ಕೈಯಲ್ಲಿ ಹಿಡಿದು, ಒಂದು ಸಲ ಬಲಗಣ್ಣು ಮುಚ್ಚಿ ನೋಡಿದಳು, ಒಂದು ಸಲ ಎಡಗಣ್ಣು ಮುಚ್ಚಿ ನೋಡಿದಳು. "ಬಲಗಡೆ ಕುಂಕುಮದ ಹಾಗಿದೆ. ಎಡಗಡೆ ಹತ್ತು ಸಲ ಒಗೆದ ಬಟ್ಟೆ ಹಾಗಿದೆ" ಅಂದಳು.

ಆಮೇಲೆ ಗೊತ್ತಾಯಿತು, ಕಣ್ಣಿನ ನರಕ್ಕೆ ಬಾವು ಬಂದಾಗ ಮೊದಲು ಮಾಸುವ ಬಣ್ಣ ಕೆಂಪೇ ಅಂತ. ಡಾಕ್ಟರುಗಳೂ ಕೆಂಪು ಮುಚ್ಚಳ ತೋರಿಸಿ ಇದೇ ಪರೀಕ್ಷೆ ಮಾಡುತ್ತಾರೆ. ಇವಳು ಯಾರೂ ಹೇಳಿಕೊಡದೆ ಜಗಲಿ ಮೇಲೆ ಕೂತು ಅದನ್ನು ಮಾಡಿದ್ದಳು.

ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ಒಳಗೆಲ್ಲ ನೋಡಿ "ಕಣ್ಣು ಚೆನ್ನಾಗೇ ಇದೆ. ತೊಂದರೆ ಇರೋದು ಹಿಂದೆ, ನರದಲ್ಲಿ. ತಡ ಮಾಡಬೇಡಿ, ಬೆಂಗಳೂರಿಗೆ ಹೋಗಿ" ಅಂದರು. ಆ ಒಂದು ಮಾತಿಗೆ ನಾನು ಅವರಿಗೆ ಯಾವತ್ತೂ ಋಣಿ. ಯಾಕೆಂದರೆ ಅದಕ್ಕಿಂತ ಎರಡು ವರ್ಷ ಮೊದಲು ನಮಗೆ ಸಿಕ್ಕಿದ ಮಾತು ಬೇರೆ.

2016ರ ಮಾತು. ಒಂದು ದಿನ ಇವಳು ಹೊಲಿಗೆ ಮೆಷಿನ್ನಿನ ಮೋಟರು ಶಾಕ್ ಹೊಡೆಯುತ್ತಿದೆ ಅಂದಳು. ಹೊಲಿಯುವಾಗ ಕತ್ತು ಬಗ್ಗಿಸಿದರೆ ಸಾಕು, ಬೆನ್ನಿನಿಂದ ಕಾಲಿನವರೆಗೆ ಝುಂ ಅಂತ ಕರೆಂಟು ಹರಿಯುತ್ತದಂತೆ. ನಾನು ಟೆಸ್ಟರ್ ಹಿಡಿದು ಮೋಟರು, ಪೆಡಲು, ಪ್ಲಗ್ಗು ಎಲ್ಲ ನೋಡಿದೆ. ಏನೂ ಇಲ್ಲ. ಎಲೆಕ್ಟ್ರಿಷಿಯನ್ ಕರೆಸಿದೆ. ಅವನೂ ಏನೂ ಇಲ್ಲ ಅಂದ. "ನಿಂದು ಬರೀ ಭ್ರಮೆ" ಅಂತ ಹೇಳಿ ತೋಟಕ್ಕೆ ಹೋದೆ.

ಅದೇ ವಾರ ಹೊಕ್ಕಳಿನಿಂದ ಕೆಳಗೆ ಎಡಭಾಗ ಜೋಮು ಹಿಡಿಯಿತು. ಕಾಲಿನಿಂದ ಚಪ್ಪಲಿ ಬಿಟ್ಟುಹೋದರೂ ಗೊತ್ತಾಗುತ್ತಿರಲಿಲ್ಲ. ತೋಟದ ದಾರಿಯಲ್ಲಿ ಇವಳ ಒಂದೇ ಚಪ್ಪಲಿ ಬಿದ್ದಿರುವುದನ್ನು ಮಗಳು ಎರಡು ಸಲ ತಂದುಕೊಟ್ಟಳು. ಡಾಕ್ಟರೊಬ್ಬರು ವಿಟಮಿನ್ ಬಿ 12 ಕಮ್ಮಿ ಇರಬಹುದು ಅಂತ ಇಂಜೆಕ್ಷನ್ ಕೊಟ್ಟರು. ಇನ್ನೊಬ್ಬರು "ಮನೇಲಿ ಟೆನ್ಷನ್ ಏನಾದರೂ ಇದೆಯಾ?" ಅಂತ ನನ್ನನ್ನು ಕೇಳಿದರು, ಅವಳನ್ನಲ್ಲ. ಮೂರು ವಾರದಲ್ಲಿ ಜೋಮು ತಾನಾಗೇ ಹೋಯಿತು. ಇಂಜೆಕ್ಷನ್‌ನಿಂದ ವಾಸಿಯಾಯಿತು ಅಂತ ನಾವೆಲ್ಲ ನಂಬಿದೆವು. ಈ ಕಾಯಿಲೆ ಜನರನ್ನು ಏಮಾರಿಸುವುದು ಹೀಗೇ. ಬರುತ್ತದೆ, ತಾನೇ ಹಿಂದೆ ಸರಿಯುತ್ತದೆ. ಆ ಹೊತ್ತಿನಲ್ಲಿ ನೀವು ಏನು ಕೊಡುತ್ತಿದ್ದಿರೋ ಅದಕ್ಕೆ ಹೆಸರು ಬರುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಂಆರ್‌ಐ ಆಯಿತು. ಮಿದುಳಿನಲ್ಲೂ ಬೆನ್ನುಹುರಿಯಲ್ಲೂ ಬಿಳಿ ಚುಕ್ಕೆಗಳು. ಡಾಕ್ಟರು ಚಿತ್ರ ಪಕ್ಕಕ್ಕಿಟ್ಟು ಇವಳ ಕಡೆ ತಿರುಗಿ "ಹಿಂದೆ ಯಾವತ್ತಾದರೂ ಏನಾದರೂ ಆಗಿತ್ತಾ? ಚಿಕ್ಕದಾದರೂ ಪರವಾಗಿಲ್ಲ, ಹೇಳಿ" ಅಂದರು. ಇವಳು ನನ್ನ ಮುಖ ನೋಡಿ, ಹೆದರಿಕೊಂಡೇ ಮೆಷಿನ್ನಿನ ಶಾಕ್ ಕತೆ ಹೇಳಿದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. ಕತ್ತು ಬಗ್ಗಿಸಿದಾಗ ಬೆನ್ನಲ್ಲಿ ಕರೆಂಟು ಹರಿಯುವುದಕ್ಕೆ ಒಂದು ಹೆಸರೇ ಇದೆಯಂತೆ, ಲೆರ್ಮಿಟ್ ಲಕ್ಷಣ ಅಂತ. ಒಬ್ಬ ಫ್ರೆಂಚ್ ಡಾಕ್ಟರ ಹೆಸರು. ಕತ್ತಿನ ಹತ್ತಿರದ ಬೆನ್ನುಹುರಿಗೆ ಏಟಾದಾಗ, ಅಂದರೆ ಒಳಗಿಂದಲೇ ಹಾನಿಯಾದಾಗ, ಹಾಗಾಗುತ್ತದೆ. ಈ ಕಾಯಿಲೆ ಅಂತ ಹೇಳಬೇಕಾದರೆ ನರಕ್ಕೆ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಕಾಲದಲ್ಲಿ ಏಟು ಬಿದ್ದಿರಬೇಕು. ಅವಳ ಭ್ರಮೆ ಅಂತ ನಾನು ತಳ್ಳಿಹಾಕಿದ್ದೇ ಡಾಕ್ಟರಿಗೆ ಮೊದಲ ಏಟಿನ ಗುರುತಾಯಿತು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಅವಳು ಏನೂ ಅನ್ನಲಿಲ್ಲ. ನನಗೂ ಮಾತು ಬರಲಿಲ್ಲ.

ಆಮೇಲೆ ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿದರು. ಇದೇ ತರಹ ಕಾಣುವ ಇನ್ನೊಂದು ಕಾಯಿಲೆ ಇದೆ, ಎನ್‌ಎಂಒ ಅಂತ. ಅದಕ್ಕೆ ಕೊಡುವ ಔಷಧಿ ಬೇರೆ. ಹಾಗಾಗಿ ಅದಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ರಕ್ತ ಪರೀಕ್ಷೆಯೂ ಆಯಿತು. ಐದು ದಿನ ಸ್ಟಿರಾಯ್ಡ್ ಡ್ರಿಪ್, ದಿನಕ್ಕೆ 1 ಗ್ರಾಂ. ಬಾಯಲ್ಲಿ ಇಡೀ ದಿನ ಹಿತ್ತಾಳೆ ಚೊಂಬು ನೆಕ್ಕಿದ ರುಚಿ ಅನ್ನುತ್ತಿದ್ದಳು. ರಾತ್ರಿ ನಿದ್ದೆ ಇಲ್ಲ. ವಾರ ಕಳೆದ ಮೇಲೆ ಕಣ್ಣು ತಿಳಿಯಾಗುತ್ತಾ ಬಂತು. ಸ್ಟಿರಾಯ್ಡ್ ಬೇಗ ಸುಧಾರಿಸಲು ಸಹಾಯ ಮಾಡುತ್ತದೆ ಅಷ್ಟೇ, ಕಾಯಿಲೆಯ ಬುಡಕ್ಕೆ ಅದಲ್ಲ ಔಷಧಿ ಅಂತ ಅವರು ಮೊದಲೇ ಹೇಳಿದ್ದರು.

ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಎಲ್ಲರೂ ಎಂಎಸ್ ಅನ್ನುತ್ತಾರೆ. ಹಲವು ಕಡೆ ಗಟ್ಟಿಯಾದ ಕಲೆಗಳು ಅಂತ ಅರ್ಥ. 1868ರಲ್ಲಿ ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಷಾರ್ಕೊ ಅನ್ನುವ ಡಾಕ್ಟರು ಇದು ಬೇರೆಯದೇ ಒಂದು ಕಾಯಿಲೆ ಅಂತ ಸರಿಯಾಗಿ ವಿವರಿಸಿದರು. ಬದುಕಿದ್ದಾಗ ಕಂಡ ಲಕ್ಷಣಗಳನ್ನು, ಸತ್ತ ಮೇಲೆ ಮಿದುಳಿನಲ್ಲಿ ಕಂಡ ಕಲೆಗಳ ಜೊತೆ ಹೊಂದಿಸಿ ನೋಡಿದರು. ಆಗ ಎಂಆರ್‌ಐ ಎಲ್ಲಿತ್ತು?

ಬೆಂಗಳೂರಿನ ಡಾಕ್ಟರು ನಮಗೆ ಕಾಗದದ ಮೇಲೆ ವೈರಿನ ಚಿತ್ರ ಬರೆದು ತೋರಿಸಿದರು. ನರದ ಸುತ್ತ ಮೈಲಿನ್ ಅನ್ನುವ ಹೊದಿಕೆ ಇರುತ್ತದೆ. ರೋಗಗಳ ಜೊತೆ ಹೋರಾಡಬೇಕಾದ ನಮ್ಮದೇ ಮೈಯ ಕಾವಲು ಕಣಗಳು ತಪ್ಪು ತಿಳಿದು ಆ ಹೊದಿಕೆಯನ್ನೇ ಕಿತ್ತುಹಾಕುತ್ತವೆ. ಇವಳು ಚಿತ್ರವನ್ನು ತುಂಬ ಹೊತ್ತು ನೋಡಿದಳು. "ಅಂದ್ರೆ ಲೈನಿಂಗ್ ಹೋಗಿದೆ ಅನ್ನಿ" ಅಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ, ಅವಳೇ ಬಿಡಿಸಿ ಹೇಳಿದಳು. ಬ್ಲೌಸಿಗೆ ಒಳಗೆ ಲೈನಿಂಗ್ ಇದ್ದರೆ ಮೇಲಿನ ಬಟ್ಟೆ ಬಾಳಿಕೆ ಬರುತ್ತದೆ. ಲೈನಿಂಗ್ ಹರಿದರೆ ಬಟ್ಟೆ ಅಲ್ಲೇ ಇರುತ್ತದೆ, ನೋಡಲಿಕ್ಕೆ ಏನೂ ಗೊತ್ತಾಗುವುದಿಲ್ಲ, ಆದರೆ ಹೊಲಿಗೆ ಮೇಲೆ ಎಳೆತ ಬಿದ್ದು ಒಂದು ದಿನ ಪಿಸಿಯುತ್ತದೆ. ಮೈ ತಾನೇ ರಫು ಹಾಕಿಕೊಳ್ಳುತ್ತದೆ. ಆದರೆ ರಫು ಹಾಕಿದ ಜಾಗ ಗಂಟಾಗಿ ಉಳಿಯುತ್ತದೆ, ಮೊದಲಿನ ಹಾಗೆ ಆಗುವುದಿಲ್ಲ. ಎಂಟು ವರ್ಷ ಓದಿದರೂ ಇಷ್ಟು ಚೆನ್ನಾಗಿ ಹೇಳಲಿಕ್ಕೆ ನನಗೆ ಬರುತ್ತಿರಲಿಲ್ಲ ಅಂತ ಡಾಕ್ಟರೇ ಅಂದರು.

ಒಂದು ವಿಷಯ ಮಾತ್ರ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ತೊಂದರೆ ಇರುವುದು ಮಿದುಳು, ಬೆನ್ನುಹುರಿ, ಕಣ್ಣಿನ ನರದಲ್ಲಿ. ಕಾಲಿನ ನರದಲ್ಲಲ್ಲ. ಊರಿನವರು ಬಂದು "ಕಾಲಿಗೆ ಆ ಎಣ್ಣೆ ಹಚ್ಚಿ, ಈ ತೈಲ ತಿಕ್ಕಿ" ಅನ್ನುತ್ತಾರೆ. ಗುಡ್ಡದ ಮೇಲಿನಿಂದ ಪೈಪಿನಲ್ಲಿ ನೀರು ತರುವ ನಮ್ಮಂಥವರಿಗೆ ಇದು ಅರ್ಥವಾಗಬೇಕು. ಮೇಲೆ ಪೈಪು ಒಡೆದಿದ್ದರೆ ಬಚ್ಚಲ ನಲ್ಲಿ ಬಿಚ್ಚಿ ಏನು ಪ್ರಯೋಜನ, ಅಲ್ವಾ?

ಯಾಕೆ ಬಂತು ಅಂತ ಅಮ್ಮ ಈಗಲೂ ಕೇಳುತ್ತಾರೆ. ಒಂದೇ ಕಾರಣ ಅಂತ ಯಾರೂ ತೋರಿಸಿಲ್ಲ. ಬಹಳ ಮಟ್ಟಿಗೆ ಇಪ್ಪತ್ತರಿಂದ ನಲವತ್ತರ ಒಳಗಿನವರಿಗೆ, ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ ಬರುತ್ತದೆ. 2020ರ ಲೆಕ್ಕದಲ್ಲಿ ಪ್ರಪಂಚದಲ್ಲಿ ಸುಮಾರು 28 ಲಕ್ಷ ಜನರಿಗಿತ್ತು. ಯುರೋಪಿನಂಥ ಚಳಿ ದೇಶಗಳಲ್ಲಿ ಜಾಸ್ತಿ, ನಮ್ಮಲ್ಲಿ ಕಮ್ಮಿ. ಎಪ್‌ಸ್ಟೀನ್ ಬಾರ್ ಅನ್ನುವ ಒಂದು ವೈರಸ್ಸಿಗೂ ಇದಕ್ಕೂ ಗಟ್ಟಿ ನಂಟಿದೆ ಅಂತ 2022ರಲ್ಲಿ ಅಮೆರಿಕದ ಸೈನಿಕರ ರಕ್ತ ಪರೀಕ್ಷೆಗಳಿಂದ ಗೊತ್ತಾಯಿತು. ಆದರೆ ಆ ವೈರಸ್ಸು ಹೆಚ್ಚುಕಮ್ಮಿ ಎಲ್ಲರ ಮೈಯಲ್ಲೂ ಇರುತ್ತದೆ, ಎಲ್ಲರಿಗೂ ಎಂಎಸ್ ಬರುವುದಿಲ್ಲ. ಅಂಟುರೋಗ ಅಲ್ಲವೇ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ. ನೆಂಟರ ಮನೆಯೊಂದರಲ್ಲಿ ಇವಳಿಗೆ ಮಾತ್ರ ಬೇರೆ ಲೋಟದಲ್ಲಿ ಕಾಫಿ ಕೊಟ್ಟಿದ್ದರು. ಇವಳು ಕುಡಿದು, ಲೋಟ ತೊಳೆದಿಟ್ಟು ಬಂದಳು. ಮನೆಗೆ ಬಂದು ಅತ್ತಳು.

ಈಗ ಹಂಡೆ ನೀರಿನ ಮಾತಿಗೆ ಬರುತ್ತೇನೆ.

ಹೊದಿಕೆ ಹೋದ ನರಕ್ಕೆ ಶಾಖ ಆಗುವುದಿಲ್ಲ. ಮೈ ಬಿಸಿ ಅರ್ಧ ಡಿಗ್ರಿ ಏರಿದರೂ ಸಾಕು, ಅಲ್ಲಿಯವರೆಗೆ ಹೇಗೋ ಹೋಗುತ್ತಿದ್ದ ಸುದ್ದಿ ಅಲ್ಲೇ ನಿಂತುಬಿಡುತ್ತದೆ. ಕಣ್ಣು ಮಂಜಾಗುತ್ತದೆ, ಕಾಲು ಕುಸಿಯುತ್ತದೆ. ಮೈ ತಣ್ಣಗಾದರೆ ಮತ್ತೆ ಮೊದಲಿನ ಹಾಗೆ. 1890ರಲ್ಲಿ ಊಟ್‌ಹೋಫ್ ಅನ್ನುವ ಜರ್ಮನ್ ಕಣ್ಣಿನ ಡಾಕ್ಟರು ಇದನ್ನು ಮೊದಲು ಬರೆದಿಟ್ಟರು. ಅವರ ರೋಗಿಗಳಿಗೆ ಓಡಾಡಿ ದಣಿದಾಗ ದೃಷ್ಟಿ ಕಮ್ಮಿಯಾಗುತ್ತಿತ್ತು. ದಣಿವಿನಿಂದಲ್ಲ, ಮೈ ಬಿಸಿಯಾಗುವುದರಿಂದ ಅಂತ ಗೊತ್ತಾಗಿದ್ದು ಆಮೇಲೆ. ಎಂಆರ್‌ಐ ಬರುವ ಮೊದಲು ರೋಗಿಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣ ಹೆಚ್ಚಾಗುತ್ತದಾ ಅಂತ ಪರೀಕ್ಷೆ ಮಾಡುತ್ತಿದ್ದರಂತೆ. ಅದನ್ನು ಓದಿದ ದಿನ ನಮ್ಮ ಬಚ್ಚಲು ಕಣ್ಣ ಮುಂದೆ ಬಂತು. ನಾವು ಹಬ್ಬ ಅಂತ ಮಾಡಿದ್ದು ಅದನ್ನೇ.

ಶಾಖದಿಂದ ಆಗುವುದು ಹೊಸ ಏಟಲ್ಲ ಅನ್ನುವುದು ಮುಖ್ಯ. ಜ್ವರ ಬಂದಾಗಲೂ ಹಾಗೇ, ಉರಿಮೂತ್ರ ಆದಾಗಲೂ ಹಾಗೇ. ಹಳೆಯ ಲಕ್ಷಣವೇ ಎದ್ದು ಕೂರುತ್ತದೆ. ನಮಗೆ ಡಾಕ್ಟರು ಹೇಳಿಕೊಟ್ಟ ಲೆಕ್ಕ ಇಷ್ಟು: ಜ್ವರ, ಸೋಂಕು ಏನೂ ಇಲ್ಲದೆ ಹೊಸ ತೊಂದರೆ 24 ಗಂಟೆ ದಾಟಿದರೆ ಫೋನ್ ಮಾಡಬೇಕು. ಅದಕ್ಕಿಂತ ಮೊದಲು ಗಾಬರಿ ಬೇಡ, ಫ್ಯಾನ್ ಹಾಕಿ ಕೂರಿಸಿ, ತಣ್ಣೀರು ಕೊಡಿ. ಈ ಲೆಕ್ಕ ಗೊತ್ತಾದ ಮೇಲೆ ನಮ್ಮ ಮನೆಯ ಅರ್ಧ ಹೆದರಿಕೆ ಹೋಯಿತು.

ಬಿಸಿನೀರು ಬಿಡು ಅಂತ ಮಲೆನಾಡಿನವರಿಗೆ ಹೇಳುವುದು ಸುಲಭದ ಮಾತಲ್ಲ. ಅಮ್ಮನಿಗೆ ಅದು ಸೊಸೆಯನ್ನು ನೋಡಿಕೊಳ್ಳುವ ರೀತಿ. "ಪಾಪ, ಸುಸ್ತಾಗಿದ್ದಾಳೆ, ನಾಲ್ಕು ಚೊಂಬು ಬಿಸಿನೀರು ಹುಯ್ದುಕೊಳ್ಳಲಿ" ಅಂತ ಒಲೆಗೆ ಇನ್ನೊಂದು ಕುಂಟೆ ತಳ್ಳುವವರು ಅವರು. ಬೇಡ ಅಂದರೆ ಪ್ರೀತಿಯನ್ನೇ ಬೇಡ ಅಂದ ಹಾಗೆ. ಒಂದು ದಿನ ಇವಳೇ ಅಮ್ಮನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಬಕೆಟ್‌ನಲ್ಲಿ ನೀರು ಬೆರೆಸಿ, ಅವರ ಮೊಣಕೈ ಅದರಲ್ಲಿ ಅದ್ದಿಸಿದಳು. "ಅತ್ತೆ, ಮಗು ಮೀಯಿಸಲಿಕ್ಕೆ ಎಷ್ಟು ಬಿಸಿ ಬೇಕೋ ಅಷ್ಟು. ಅದಕ್ಕಿಂತ ಒಂದು ಚೊಂಬೂ ಜಾಸ್ತಿ ಬೇಡ." ಅಮ್ಮನಿಗೆ ಆ ಲೆಕ್ಕ ಅರ್ಥವಾಯಿತು. ಮೊಮ್ಮಗಳನ್ನು ಮೀಯಿಸಿದವರು ಅಲ್ವಾ. ಈಗ ನೀರು ಬೆರೆಸುವುದು ಅವರೇ, ಮೊಣಕೈ ಅದ್ದಿ ನೋಡುವುದೂ ಅವರೇ.

ಬಚ್ಚಲಲ್ಲಿ ಗೋಡೆಗೆ ಕಬ್ಬಿಣದ ಪೈಪು ಹಾಕಿಸಿ, ಕೂರಲು ಒಂದು ಸ್ಟೂಲ್ ಇಟ್ಟೆವು. ಮಳೆಗಾಲದಲ್ಲಿ ಅಂಗಳವೆಲ್ಲ ಪಾಚಿ. ನಾವೇ ಜಾರುತ್ತೇವೆ. ಜಗಲಿಯಿಂದ ಬಚ್ಚಲವರೆಗೆ ಅಡಿಕೆ ದಬ್ಬೆ ಹಾಸಿ, ಪಕ್ಕದಲ್ಲಿ ಕೈ ಹಿಡಿಯಲು ಬಿದಿರು ಕಟ್ಟಿದೆ. ಹೊಸ್ತಿಲ ಪ್ರಶ್ನೆ ದೊಡ್ಡದಾಯಿತು. ನಮ್ಮದು ಹಳೇ ಮನೆ, ಹೊಸ್ತಿಲು ಒಂದು ಗೇಣು ಎತ್ತರ. ಇವಳ ಎಡಪಾದ ಸರಿಯಾಗಿ ಮೇಲೆ ಏಳುವುದಿಲ್ಲ, ಬೆರಳು ತಾಗಿ ಮುಗ್ಗರಿಸುತ್ತಾಳೆ. ಕೊಯ್ಯಿಸಿಬಿಡೋಣ ಅಂದೆ ನಾನು. ದಿನಾ ಅರಿಶಿನ ಕುಂಕುಮ ಇಡುವ ಹೊಸ್ತಿಲು, ಬೇಡ ಅಂದಳು ಇವಳೇ. ಕೊನೆಗೆ ಬಡಗಿ ಎರಡೂ ಕಡೆ ಹಲಸಿನ ಹಲಗೆಯ ಇಳಿಜಾರು ಮಾಡಿ ಕೊಟ್ಟ. ಈಗ ಅದರ ಮೇಲೆ ಅಮ್ಮನೂ ನಡೆಯುತ್ತಾರೆ, ಅವರ ಮೊಣಕಾಲಿಗೂ ಸಲೀಸು.

ನಡೆಸುವಾಗ ಒಂದು ತಪ್ಪು ನಾನು ಬಹಳ ದಿನ ಮಾಡಿದೆ. ಇವಳ ರಟ್ಟೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಹಾಗೆ ಹಿಡಿದರೆ ಅವಳ ತೂಕ ನಮ್ಮ ಕಡೆ ವಾಲಿ ಇನ್ನೂ ತಪ್ಪುತ್ತದೆ. ನಮ್ಮ ಮೊಣಕೈ ಅವಳಿಗೆ ಕೊಡಬೇಕು, ಎಷ್ಟು ಬೇಕೋ ಅಷ್ಟು ಅವಳು ಹಿಡಿಯಬೇಕು. ಫಿಸಿಯೋಥೆರಪಿಯವರು ತೋರಿಸಿಕೊಟ್ಟಿದ್ದು ಇದು.

ಇನ್ನು 2019ರ ಅಡಿಕೆ ಸುಲಿತದ ರಾತ್ರಿ. ಇದನ್ನು ಬರೆಯಲಿಕ್ಕೆ ನನಗೆ ಕಷ್ಟ. ಆದರೂ ಬರೆಯಬೇಕು.

ಅವತ್ತು ಬೆಳಿಗ್ಗೆ ಇವಳು ಚೆನ್ನಾಗಿದ್ದಳು. ಕೊಯ್ಲಿನವರಿಗೆ ಕಡುಬು ಬೇಯಿಸಿದಳು, ಎರಡು ಬ್ಲೌಸಿಗೆ ಕಾಲರ್ ಕೂರಿಸಿದಳು. ಸಂಜೆ ಏಳಕ್ಕೆ ಅಂಗಳದಲ್ಲಿ ಮೆಟ್ಟುಗತ್ತಿ ಸಾಲಾಗಿ ಕೂತವು, ಹತ್ತು ಹನ್ನೆರಡು ಜನ ಸುಲಿಯುವವರು. ಕಾಫಿ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಇವಳು ಅಡುಗೆಮನೆ ಗೋಡೆಗೆ ಒರಗಿ ಕೂತಿದ್ದಾಳೆ. ನನಗೆ ಸಿಟ್ಟು ಬಂತು. "ಬೆಳಿಗ್ಗೆ ಚೆನ್ನಾಗೇ ಓಡಾಡ್ಕೊಂಡು ಇದ್ಯಲ್ಲ, ಈಗೇನಾಯ್ತು?" ಅಂದೆ. ಹೊರಗಿನವರಿಗೆ ಕೇಳುವ ಹಾಗೆ ಅಂದೆ. ಇವಳು ಉತ್ತರ ಕೊಡದೆ ಎದ್ದಳು. ಕಾಫಿ ಲೋಟಗಳ ತಟ್ಟೆ ಹಿಡಿದು ಬಂದಳು. ಇಳಿಜಾರು ಆಗ ಇನ್ನೂ ಮಾಡಿಸಿರಲಿಲ್ಲ, ಹೊಸ್ತಿಲಿಗೆ ಬೆರಳು ತಾಗಿತು. ತಟ್ಟೆ ಸಮೇತ ಬಿದ್ದಳು. ಸುಲಿಯುತ್ತಿದ್ದ ಹೆಂಗಸರು ಓಡಿ ಬಂದು ಎತ್ತಿದರು. ಮೊಣಕಾಲು ಒಡೆದು ರಕ್ತ ಬರುತ್ತಿತ್ತು, ಕೈ ಮೇಲೆ ಬಿಸಿ ಕಾಫಿ ಚೆಲ್ಲಿತ್ತು. ಎಡಗೈ ಬೆರಳಿಗೆ ಬಿಸಿಯೇ ಗೊತ್ತಾಗುತ್ತಿರಲಿಲ್ಲ, ಬೊಬ್ಬೆ ಎದ್ದ ಮೇಲೇ ನೋಡಿಕೊಂಡಳು.

ರಾತ್ರಿ ಗಾಯಕ್ಕೆ ಮುಲಾಮು ಹಚ್ಚುವಾಗ ಹೇಳಿದಳು. "ಸುಸ್ತು ಅಂದ್ರೆ ನೀವು ಕೆಲಸ ಮಾಡಿ ಬರೋ ಸುಸ್ತು ಅಂದ್ಕೊಳ್ತೀರಿ. ಇದು ಹಾಗಲ್ಲ. ನಟ್ಟಿ ಗದ್ದೆಯಿಂದ ಬಂದ ಒದ್ದೆ ಕಂಬಳಿ ಇರತ್ತಲ್ಲ, ಅದನ್ನ ಯಾರೋ ಹಿಂದಿನಿಂದ ಬಂದು ಮೈಮೇಲೆ ಹಾಕಿದ ಹಾಗೆ. ಬೆಳಿಗ್ಗೆ ಇರಲ್ಲ. ಯಾವಾಗ ಹಾಕ್ತಾರೆ ಗೊತ್ತಾಗಲ್ಲ. ಹಾಕಿದ ಮೇಲೆ ಕೈ ಎತ್ತಕ್ಕೂ ಆಗಲ್ಲ."

ಒದ್ದೆ ಕಂಬಳಿ ಹೊತ್ತು ಗೊತ್ತಿರುವವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ನಾನು ಸಣ್ಣವನಿದ್ದಾಗ ಅಪ್ಪನ ಕಂಬಳಿಕೊಪ್ಪೆ ಮಳೆಯಲ್ಲಿ ನೆಂದ ಮೇಲೆ ಹಗ್ಗದ ಮೇಲೆ ಎತ್ತಿ ಹಾಕಲಿಕ್ಕೆ ಇಬ್ಬರು ಬೇಕಾಗುತ್ತಿತ್ತು. ಎಂಎಸ್ ಇರುವವರಲ್ಲಿ ಹೆಚ್ಚಿನವರಿಗೆ ಈ ದಣಿವೇ ಎಲ್ಲಕ್ಕಿಂತ ದೊಡ್ಡ ಕಾಟ. ಅದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಮುಖದ ಮೇಲೆ ಕಾಣುವುದಿಲ್ಲ. ಅವಳು ಹೇಳಿದರೆ ಮಾತ್ರ ಗೊತ್ತು, ನಾವು ನಂಬಿದರೆ ಮಾತ್ರ ಅವಳು ಹೇಳುತ್ತಾಳೆ. ಮೆಷಿನ್ನಿನ ಶಾಕ್ ವಿಷಯದಲ್ಲಿ ಒಂದು ಸಲ, ಆ ರಾತ್ರಿ ಇನ್ನೊಂದು ಸಲ ನಾನು ನಂಬಲಿಲ್ಲ. ಮೂರನೇ ಸಲ ಆಗಬಾರದು ಅಂತ ಅವತ್ತು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಆವತ್ತಿನಿಂದ ನಮ್ಮ ಮನೆಯಲ್ಲಿ "ಕಂಬಳಿ ಬಿತ್ತು" ಅನ್ನುವುದು ಒಂದು ಮಾತು. ಇವಳು ಹಾಗಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಮಗಳು ಒಲೆ ನೋಡಿಕೊಳ್ಳುತ್ತಾಳೆ, ನಾನು ಚಾಪೆ ಹಾಕುತ್ತೇನೆ. ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲಿ ಬೇಕಾದರೂ ಕಿವಿಯಲ್ಲಿ ಹೇಳಬಹುದು. ಹೊಲಿಗೆಯನ್ನು ಬೆಳಿಗ್ಗೆ ಆರರಿಂದ ಹತ್ತರೊಳಗೆ ಮಾಡುತ್ತಾಳೆ, ಆಗ ತಂಪು, ಆಗ ಕಂಬಳಿ ಬೀಳುವುದು ಕಮ್ಮಿ. ಹುಕ್ಕು, ಕಾಜಾ ಕೆಲಸವನ್ನು ಪಕ್ಕದ ಮನೆಯ ಹುಡುಗಿಗೆ ವಹಿಸಿದ್ದಾಳೆ. ಅಳತೆಗಳನ್ನು ಮೊದಲು ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು, ಈಗ ಪುಸ್ತಕದಲ್ಲಿ ಬರೆಯುತ್ತಾಳೆ. ಮಾತಾಡುವಾಗ ಕೆಲವೊಮ್ಮೆ ಪದ ಸಿಗದೆ ನಿಲ್ಲುತ್ತಾಳೆ. ನಾವು ಬಾಯಿ ಹಾಕಿ ತುಂಬಿಸುವುದಿಲ್ಲ, ಕಾಯುತ್ತೇವೆ. ಬರುತ್ತದೆ.

ಔಷಧಿ ವಿಷಯ. 1993ರವರೆಗೆ ಈ ಕಾಯಿಲೆಯ ಓಟ ತಡೆಯಲಿಕ್ಕೆ ಒಪ್ಪಿಗೆ ಪಡೆದ ಒಂದು ಔಷಧಿಯೂ ಇರಲಿಲ್ಲ. ಆ ವರ್ಷ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾ ಬಂತು. ಈಗ ಇಂಜೆಕ್ಷನ್, ಮಾತ್ರೆ, ಡ್ರಿಪ್ ಸೇರಿ ಹತ್ತಕ್ಕಿಂತ ಜಾಸ್ತಿ ಇವೆ. ಯಾವುದೂ ಪೂರ್ತಿ ವಾಸಿ ಮಾಡುವುದಿಲ್ಲ. ಹೊಸ ಏಟುಗಳನ್ನು ಕಮ್ಮಿ ಮಾಡುತ್ತವೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಇವಳಿಗೆ ಮೊದಲು ಕೊಟ್ಟಿದ್ದು ಇಂಟರ್‌ಫೆರಾನ್, ವಾರಕ್ಕೊಂದು ಇಂಜೆಕ್ಷನ್. ಶನಿವಾರ ರಾತ್ರಿ ಹಾಕಿಕೊಳ್ಳುತ್ತಿದ್ದಳು. ಹಾಕಿದ ರಾತ್ರಿ ಚಳಿ ಜ್ವರ, ಮೈಕೈ ನೋವು. ಭಾನುವಾರ ಮಲಗಿರುತ್ತಿದ್ದಳು.

ಆ ಇಂಜೆಕ್ಷನ್ ಫ್ರಿಜ್ಜಿನಲ್ಲೇ ಇರಬೇಕು, ಆದರೆ ಹೆಪ್ಪುಗಟ್ಟಬಾರದು. ಆಷಾಢದ ಮಳೆಯಲ್ಲಿ ನಮ್ಮೂರಿಗೆ ಕರೆಂಟು ಹೋದರೆ ಮೂರು ದಿನ, ನಾಲ್ಕು ದಿನ. ಮರ ಬಿದ್ದು ಲೈನು ಕಡಿದಿರುತ್ತದೆ. ಎರಡನೇ ದಿನವೇ ನಾನು ಇಂಜೆಕ್ಷನ್ ಡಬ್ಬವನ್ನು ಫ್ಲಾಸ್ಕಿನಲ್ಲಿಟ್ಟು, ಟವೆಲ್ ಸುತ್ತಿ, ಬೈಕಿನಲ್ಲಿ ತೀರ್ಥಹಳ್ಳಿ ಪೇಟೆಯ ಮೆಡಿಕಲ್ ಶಾಪಿಗೆ ಹೋಗುತ್ತಿದ್ದೆ. ಅವರಲ್ಲಿ ಜನರೇಟರ್ ಇತ್ತು. ದುಡ್ಡು ಕೇಳಲಿಲ್ಲ ಯಾವತ್ತೂ. ಶನಿವಾರ ಸಂಜೆ ಹೋದರೆ "ತಗೊಳ್ಳಿ, ಅಕ್ಕಂಗೆ ಹೇಳಿ" ಅಂತ ತೆಗೆದುಕೊಡುತ್ತಿದ್ದರು. ಸಹಾಯ ಅಂದರೆ ನನಗೆ ನೆನಪಾಗುವುದು ಆ ಫ್ರಿಜ್ಜಿನ ಮೂಲೆ.

2020ರ ಕೊನೆಗೆ ಇನ್ನೊಂದು ಏಟು ಬಿತ್ತು, ಎಡಗಾಲು ಇನ್ನಷ್ಟು ಸೋತಿತು. ಡಾಕ್ಟರು ಔಷಧಿ ಬದಲಿಸಿದರು. ಈಗ ರಿಟುಕ್ಸಿಮ್ಯಾಬ್, ಆರು ತಿಂಗಳಿಗೊಮ್ಮೆ ಡ್ರಿಪ್. ಅದು ಮೂಲತಃ ಒಂದು ಬಗೆಯ ರಕ್ತದ ಕ್ಯಾನ್ಸರಿನ ಔಷಧಿ. ದಾಳಿ ಮಾಡುವ ಗುಂಪಿನ ಒಂದು ಜಾತಿಯ ಬಿಳಿ ಕಣಗಳನ್ನು ಕಮ್ಮಿ ಮಾಡುತ್ತದೆ. ನಮ್ಮ ದೇಶದಲ್ಲಿ ಬೇರೆ ಹೊಸ ಔಷಧಿಗಳ ಬೆಲೆ ಕೈಗೆಟುಕದವರಿಗೆ ನರದ ಡಾಕ್ಟರುಗಳು ಇದನ್ನು ಕೊಡುವುದುಂಟು. ಶುರು ಮಾಡುವ ಮೊದಲು ಹೆಪಟೈಟಿಸ್ ಬಿ, ಕ್ಷಯ ಇಲ್ಲ ಅಂತ ನೋಡಿದರು. ಕಾವಲು ಕಮ್ಮಿಯಾಗುವುದರಿಂದ ಮನೆಯಲ್ಲಿ ಯಾರಿಗಾದರೂ ಶೀತ ಕೆಮ್ಮು ಬಂದರೆ ನಾವು ಹುಷಾರಾಗಿರುತ್ತೇವೆ. ಅಲ್ಲಿಂದೀಚೆಗೆ ಹೊಸ ಚುಕ್ಕೆ ಕಂಡಿಲ್ಲ.

ಹರಕೆ ಹೊತ್ತುಕೊಳ್ಳಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅಮ್ಮ ಲಾಂಚ್ ಹತ್ತಿ ಸಿಗಂದೂರಿಗೆ ಹೋಗಿ ಬಂದರು, ಅದರಿಂದ ಅವರ ಎದೆ ಗಟ್ಟಿಯಾಯಿತು. ಆದರೆ "ಇಂಗ್ಲಿಷ್ ಮದ್ದು ನಿಲ್ಲಿಸಿ, ನಮ್ಮ ಪುಡಿ ಮೂರು ತಿಂಗಳು ತಗೊಳ್ಳಿ" ಅಂತ ಬಂದವರನ್ನು ಕಾಫಿ ಕೊಟ್ಟು ಕಳಿಸಿದೆವು. ತಾನಾಗೇ ಹಿಂದೆ ಸರಿಯುವ ಕಾಯಿಲೆಗೆ ಯಾವ ಪುಡಿಯೂ ಕೆಲಸ ಮಾಡಿದ ಹಾಗೇ ಕಾಣುತ್ತದೆ. ನಮ್ಮ ಬಿ 12 ಇಂಜೆಕ್ಷನ್ ಕತೆಯೇ ಇದೆಯಲ್ಲ. ಮುಂದಿನ ಏಟು ಬಿದ್ದಾಗ ಪುಡಿ ಕೊಟ್ಟವರು ಎದುರಿಗೆ ಇರುವುದಿಲ್ಲ.

ಮೂತ್ರದ ವಿಷಯವನ್ನು ಯಾರೂ ಮಾತಾಡುವುದಿಲ್ಲ. ಇವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ, ಎಷ್ಟು ಜನ ಹೆಂಗಸರು ಒಳಗೇ ಇಟ್ಕೊಂಡಿರ್ತಾರೋ" ಅಂದಳು. ಬೆನ್ನುಹುರಿಗೆ ಏಟಾದರೆ ಅರ್ಜೆಂಟಾಗುತ್ತದೆ, ತಡೆಯಲಿಕ್ಕೆ ಆಗುವುದಿಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಆ ಬಸ್ಸಿಗೆ ಹೆದರಿ ಇವಳು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದು ಬಿಡುತ್ತಿದ್ದಳು. ಅದರಿಂದ ಸೋಂಕಾಗಿ, ಜ್ವರ ಬಂದು, ಕಾಲು ಬಿದ್ದು ಹೋಗುತ್ತಿತ್ತು. ಡಾಕ್ಟರಿಗೆ ಹೇಳಲಿಕ್ಕೇ ಎರಡು ವರ್ಷ ನಾಚಿಕೊಂಡಳು. ಹೇಳಿದ ಮೇಲೆ ಮಾತ್ರೆ ಕೊಟ್ಟರು, ಗಂಟೆ ನೋಡಿಕೊಂಡು ಹೋಗುವುದನ್ನು ಅಭ್ಯಾಸ ಮಾಡಿಸಿದರು. ಬೆಂಗಳೂರಿಗೆ ಈಗ ನಾವು ಬಸ್ಸಿನಲ್ಲಿ ಹೋಗುವುದಿಲ್ಲ. ಶಿವಮೊಗ್ಗದಿಂದ ರಾತ್ರಿ ರೈಲು, ಕೆಳಗಿನ ಬರ್ತು, ಶೌಚಾಲಯಕ್ಕೆ ಹತ್ತಿರದ ಕಡೆ. ಯಾರಾದರೂ ಆ ಬರ್ತು ಬಿಟ್ಟುಕೊಡಿ ಅಂತ ಕೇಳಿದರೆ ನಾನೇ ಮುಂದೆ ಬಂದು ಕಾರಣ ಹೇಳುತ್ತೇನೆ. ಅವಳು ಹೇಳಬೇಕಾಗಿ ಬರಬಾರದು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿರುವ 21 ಬಗೆಯ ಅಂಗವೈಕಲ್ಯದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಹಿಡಿದೇ ಇದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಸರ್ಟಿಫಿಕೇಟಿಗೆ ಹೋದಾಗ ಒಬ್ಬರು ಇವಳನ್ನು ಮೇಲಿಂದ ಕೆಳಗೆ ನೋಡಿ "ನಡೀತಾರಲ್ಲ?" ಅಂದರು. ನಾನು ಕಾಯ್ದೆಯ ಆ ಪುಟದ ಪ್ರಿಂಟ್ ತೋರಿಸಿದೆ. ಎಂಆರ್‌ಐ ವರದಿ, ಡಾಕ್ಟರ ಪತ್ರ, ಎಲ್ಲ ಒಂದೇ ಫೈಲಿನಲ್ಲಿ ದಿನಾಂಕದ ಪ್ರಕಾರ ಇಟ್ಟುಕೊಂಡು ಹೋಗಿ. ಎರಡನೇ ಸಲ ಹೋದಾಗ ಕೆಲಸ ಆಯಿತು. ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಅಂತ ಬಂದರೆ ಹಲವು ಸೌಲಭ್ಯಗಳಿಗೆ ದಾರಿ ತೆರೆಯುತ್ತದೆ.

ಮಗಳು ಈಗ ಎಂಟನೇ ಕ್ಲಾಸು. ಒಂದು ರಾತ್ರಿ ನನ್ನ ಪಕ್ಕ ಬಂದು ಕೂತು "ಅಪ್ಪ, ನಂಗೂ ಬರತ್ತಾ?" ಅಂದಳು. ಸುಳ್ಳು ಹೇಳಲಿಲ್ಲ. ಅಮ್ಮನಿಗಿದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ ಎರಡು ಮೂರು ಅಷ್ಟೇ ಅಂದೆ. ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿ "ಹಂಗಾದ್ರೆ ತೊಂಬತ್ತೇಳು ಬರಲ್ಲ" ಅಂದಳು. ಆಮೇಲೆ ಹೋಗಿ ಅಮ್ಮನ ಪಕ್ಕ ಮಲಗಿದಳು.

ಮುಂದಿನ ಸೋಮವಾರ ಡ್ರಿಪ್ ಇದೆ. ಭಾನುವಾರ ರಾತ್ರಿ ರೈಲು. ಅದರೊಳಗೆ ಕೋಣಂದೂರಿನ ಮದುವೆ ಹುಡುಗಿಯ ಬ್ಲೌಸು ಮುಗಿಯಬೇಕು. ಕೆಂಪು ರೇಷ್ಮೆ. ಎಡಗಣ್ಣಿಗೆ ಆ ಕೆಂಪು ಇನ್ನೂ ಸ್ವಲ್ಪ ಮಾಸಿದ ಹಾಗೇ ಕಾಣುತ್ತದಂತೆ. ಹಾಗಾಗಿ ದಾರದ ಬಣ್ಣ ಹೊಂದಿಸಲು ಬೆಳಿಗ್ಗೆ ನನ್ನನ್ನು ಕರೆದಳು. ನಾಲ್ಕು ಉಂಡೆ ಬಟ್ಟೆಯ ಮೇಲಿಟ್ಟು "ಯಾವುದು ಸೇರತ್ತೆ, ಸರಿಯಾಗಿ ನೋಡಿ ಹೇಳಿ" ಅಂದಳು. ನಾನು ಎರಡನೆಯದು ಅಂದೆ. ಬಲಗಣ್ಣಿನಲ್ಲಿ ಒಂದು ಸಲ ನೋಡಿಕೊಂಡು, ಹೌದು ಅಂತ ಅದನ್ನೇ ಮೆಷಿನ್ನಿಗೆ ಹಾಕಿದಳು.